ಹೆಪ್ಪಿನಿಂದ ಶುರು: ಸೋರ್ಸ್ ಕೋಡಿನಿಂದ ಸ್ವಂತ ಲಿನಕ್ಸ್ ಕಟ್ಟುವ ಬಗೆ

ಸೋರ್ಸ್ ಕೋಡಿನಿಂದ ಇಡೀ ಲಿನಕ್ಸ್ ಕಟ್ಟುವಾಗ ಕೆಲಸ ಕೆಡುವುದು ಬಹಳ ಸಲ ಒಂದೇ ಕಾರಣಕ್ಕೆ. ಕಮಾಂಡ್ ಸರಿ ಇರುತ್ತದೆ, ಅದನ್ನು ಕೊಟ್ಟ ಜಾಗ ತಪ್ಪಿರುತ್ತದೆ. ರೂಟ್ (ಎಲ್ಲ ಹಕ್ಕುಳ್ಳ ಯೂಸರ್) ಆಗಿ ಮಾಡಬೇಕಾದದ್ದನ್ನು ಸಾದಾ ಯೂಸರ್ ಆಗಿ ಮಾಡಿರುತ್ತೇವೆ, ಇಲ್ಲವೇ ಹೊಸ ಪಾರ್ಟಿಷನ್ನಿಗೆ ಹೋಗಬೇಕಾದ ಫೈಲು ಈಗ ಓಡುತ್ತಿರುವ ಸಿಸ್ಟಂ ಮೇಲೆಯೇ ಕುಳಿತಿರುತ್ತದೆ. ಅದಕ್ಕೆ ಟರ್ಮಿನಲ್ ಮುಂದೆ ಕುಳಿತಾಗಲೆಲ್ಲ ಮೂರು ಮಾತು ಕೇಳಿಕೊಳ್ಳಿರಿ: ನಾನು ಯಾವ ಯೂಸರ್? ಯಾವ ಡೈರೆಕ್ಟರಿಯಲ್ಲಿದ್ದೇನೆ? ಹೊಸ ಪಾರ್ಟಿಷನ್ನಿನ ದಾರಿ ಹಿಡಿದಿಡುವ ಎಲ್‌ಎಫ್‌ಎಸ್ ವೇರಿಯಬಲ್ಲಿನಲ್ಲಿ ಏನಿದೆ? ಮೂರಕ್ಕೂ ಉತ್ತರ ಸಿಗಲು ಹತ್ತು ಸೆಕೆಂಡ್ ಸಾಕು. ಕೇಳದೆ ಮುಂದೆ ಹೋದರೆ ಎರಡು ದಿನದ ಕೆಲಸ ಮಣ್ಣುಪಾಲಾಗಬಹುದು.

ದಾರಿ ತೋರಲು ಲಿನಕ್ಸ್ ಫ್ರಮ್ ಸ್ಕ್ರಾಚ್ (ಎಲ್‌ಎಫ್‌ಎಸ್) ಎಂಬ ಕೈಪಿಡಿ ಇದೆ. 1999ರಲ್ಲಿ ಗೆರಾರ್ಡ್ ಬೀಕ್‌ಮನ್ಸ್ ಶುರು ಮಾಡಿದ ಯೋಜನೆ ಅದು. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬರುತ್ತದೆ. ಅಕ್ಷರಕ್ಕೆ ಅಕ್ಷರ ಕಮಾಂಡುಗಳನ್ನು ಅದರಲ್ಲೇ ನೋಡಿರಿ. ಆ ಕಮಾಂಡುಗಳ ಹಿಂದಿನ ಕಾರಣ, ಎಡವುವ ಜಾಗ, ಮತ್ತು ಹುಬ್ಬಳ್ಳಿ-ಧಾರವಾಡದ ಕಡೆ ಮನೆ ಅಥವಾ ರೂಮಿನಲ್ಲಿ ಕುಳಿತು ಕಟ್ಟುವವರು ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ, ಇವಷ್ಟೇ ಇಲ್ಲಿವೆ.

ಯಂತ್ರ ಮತ್ತು ಕರೆಂಟು

ನಾಲ್ಕು ಕೋರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಇಷ್ಟಿದ್ದರೆ ಕೆಲಸ ಸಲೀಸು. ಆಫೀಸುಗಳಿಂದ ಬದಲಾಗಿ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಧಾರಾಳ ಸಾಕು. ಅಂಥದ್ದನ್ನು ತಂದಾಗ ಮೊದಲು ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿರಿ. ಆ ಸೆಲ್ ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ಗಡಿಯಾರ ಹಳೆಯ ತಾರೀಕಿಗೆ ಓಡುತ್ತದೆ. ಯಾವ ಫೈಲ್ ಹೊಸದು, ಯಾವುದು ಹಳೆಯದು ಎಂದು, ಕಟ್ಟುವ ಕೆಲಸ ನಡೆಸುವ ಮೇಕ್ ಎಂಬ ಪ್ರೋಗ್ರಾಂ ತೀರ್ಮಾನಿಸುವುದು ತಾರೀಕು ನೋಡಿಯೇ. ಆಗ ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಎಂಬ ಎಚ್ಚರಿಕೆ ಬರುತ್ತದೆ, ಕಟ್ಟುವ ಮುಂಚೆ ಯಂತ್ರ ತಪಾಸಿಸುವ ಕೆಲವು ಕಾನ್ಫಿಗರ್ ಸ್ಕ್ರಿಪ್ಟುಗಳು ನಿಂತೇಬಿಡುತ್ತವೆ, ಡೌನ್‌ಲೋಡ್ ಮಾಡಹೋದರೆ ಸರ್ಟಿಫಿಕೇಟ್ ತಪ್ಪೆಂದು ಸರ್ವರ್ ಜೊತೆ ಮಾತೇ ಆಗುವುದಿಲ್ಲ. ಇಷ್ಟೆಲ್ಲಕ್ಕೂ ಮೂಲ ಆ ಒಂದು ಸಣ್ಣ ಸೆಲ್ಲು.

ಯುಗಾದಿ ದಾಟಿದ ಮೇಲೆ ಅಡ್ಡಮಳೆ ಶುರುವಾಗುತ್ತದೆ. ಸಂಜೆ ಗಾಳಿ ಎದ್ದಿತೆಂದರೆ ಕರೆಂಟ್ ಯಾವಾಗ ಹೋಗುವುದೋ ಹೇಳಲಾಗದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರ್ ಮೇಲೆ ನಡೆಸುವುದಾದರೆ ಅದರ ಹಿಂದೆ ಯುಪಿಎಸ್ ಮೋಡಿನ ಸ್ವಿಚ್ ಇದೆಯೇ ನೋಡಿ, ಇದ್ದರೆ ಅದಕ್ಕೆ ತಿರುಗಿಸಿರಿ. ಸಾದಾ ಮೋಡಿನಲ್ಲಿ ಬದಲಾವಣೆಗೆ ಹಿಡಿಯುವ ಒಂದು ಕ್ಷಣಕ್ಕೇ ಕಂಪ್ಯೂಟರ್ ಆಫ್ ಆಗುತ್ತದೆ, ಫ್ಯಾನು-ಲೈಟಿಗೆ ಅದು ಗೊತ್ತೂ ಆಗುವುದಿಲ್ಲ. ಧಾರವಾಡದ ಸಪ್ತಾಪುರದಂಥ ಕಡೆ ಬಾಡಿಗೆ ರೂಮಿನಲ್ಲಿರುವ ವಿದ್ಯಾರ್ಥಿಗಳಿಗೆ ಬ್ಯಾಟರಿ ಗಟ್ಟಿ ಇರುವ ಲ್ಯಾಪ್‌ಟಾಪೇ ವಾಸಿ.

ಕಂಪೈಲ್ ನಡೆಯುತ್ತಿದ್ದಾಗ ಕರೆಂಟ್ ಹೋದರೆ ಮತ್ತೆ ‘ಮೇಕ್’ ಒತ್ತಿ ಅಲ್ಲಿಂದಲೇ ಮುಂದುವರಿಯುವ ಆಸೆ ಬೇಡ. ಅರ್ಧ ಬರೆದ, ಕೆಲವೊಮ್ಮೆ ಸೊನ್ನೆ ಬೈಟಿನ ಆಬ್ಜೆಕ್ಟ್ ಫೈಲುಗಳು ಡಿಸ್ಕಿನಲ್ಲಿ ಉಳಿದಿರುತ್ತವೆ. ತಾರೀಕು ಹೊಸದಿರುವುದರಿಂದ ಮೇಕ್ ಅವನ್ನು ಮುಗಿದವೆಂದೇ ತಿಳಿಯುತ್ತದೆ. ಆ ಪ್ಯಾಕೇಜಿನ ಡೈರೆಕ್ಟರಿ ಪೂರಾ ಅಳಿಸಿ, ಟಾರ್ ಫೈಲನ್ನು (ಸೋರ್ಸ್ ಫೈಲುಗಳ ಕಟ್ಟು) ಮತ್ತೆ ಬಿಚ್ಚಿ, ಮೊದಲಿನಿಂದ ಕಟ್ಟಿರಿ.

ಬೇಸಿಗೆಯ ಬಿಸಿಲು, ಎರಿಮಣ್ಣಿನ ಧೂಳು ಎರಡೂ ಯಂತ್ರಕ್ಕೆ ಭಾರ. ಜಿಸಿಸಿ ಎಂಬ ಕಂಪೈಲರ್ ಕಟ್ಟುವಾಗ ನಾಲ್ಕೂ ಕೋರು ಗಂಟೆಗಟ್ಟಲೆ ನೂರಕ್ಕೆ ನೂರು ಓಡುತ್ತವೆ. ಫ್ಯಾನಿನಲ್ಲಿ ಧೂಳು ಕಟ್ಟಿದ್ದರೆ ಮೊದಲೇ ಬ್ರಷ್ಷಿನಿಂದ ತೆಗೆಯಿರಿ. ‘ಇಂಟರ್ನಲ್ ಕಂಪೈಲರ್ ಎರರ್, ಸೆಗ್ಮೆಂಟೇಷನ್ ಫಾಲ್ಟ್’ ಎಂದು ಬಂದರೆ ಅದೇ ಮೇಕ್ ಮತ್ತೊಮ್ಮೆ ಓಡಿಸಿ ನೋಡಿರಿ. ಒಮ್ಮೆ ಒಂದು ಫೈಲಿನಲ್ಲಿ, ಇನ್ನೊಮ್ಮೆ ಮತ್ತೊಂದರಲ್ಲಿ ನಿಂತರೆ ದೋಷ ಬಿಸಿಯದ್ದು ಅಥವಾ ರ‍್ಯಾಮಿನದ್ದು. ಪ್ರತಿ ಸಲ ಅದೇ ಸಾಲಿಗೆ ನಿಂತರೆ ತಪ್ಪು ನಿಮ್ಮ ಹೆಜ್ಜೆಗಳಲ್ಲಿದೆ.

ಆತಿಥೇಯ ಸಿಸ್ಟಂ

ಹಳೇ ಮಜ್ಜಿಗೆಯ ಹೆಪ್ಪಿಲ್ಲದೆ ಹೊಸ ಮೊಸರು ಇಲ್ಲ. ಕಂಪೈಲರನ್ನು ಕಟ್ಟಲಿಕ್ಕೂ ಒಂದು ಕಂಪೈಲರ್ ಬೇಕು. ಹೀಗಾಗಿ ಮೊದಲು ಉಬುಂಟು, ಮಿಂಟ್, ಡೆಬಿಯನ್, ಫೆಡೋರಾದಂಥ ಒಂದು ಲಿನಕ್ಸ್ ಯಂತ್ರದಲ್ಲಿರಬೇಕು. ಇದಕ್ಕೆ ಹೋಸ್ಟ್ ಎನ್ನುತ್ತಾರೆ. ಬಿಲ್ಡ್-ಎಸೆನ್ಶಿಯಲ್, ಬೈಸನ್, ಗಾಕ್, ಟೆಕ್ಸ್‌ಇನ್ಫೋ, ಎಂ4, ಪೈಥಾನ್ 3 ಹಾಕಿಕೊಂಡು ಕೈಪಿಡಿಯ ಆವೃತ್ತಿ ತಪಾಸಣೆ ಸ್ಕ್ರಿಪ್ಟ್ ಓಡಿಸಿರಿ. ಒಂದು ಸಾಲಿನಲ್ಲಿ ‘ಎರರ್’ ಬಂದರೂ ಅದನ್ನು ಸರಿಮಾಡದೆ ಮುಂದೆ ಹೋಗಬೇಡಿರಿ.

ಉಬುಂಟು, ಡೆಬಿಯನ್ ಕುಟುಂಬದಲ್ಲಿ ಹೊಸಬರು ಸಿಕ್ಕಿಬೀಳುವ ಜಾಗ ಎರಡು. ಅಲ್ಲಿ ‘ಎಸ್‌ಎಚ್’ ಎಂಬ ಹೆಸರು ಬ್ಯಾಷ್‌ಗೆ ಬದಲು ಡ್ಯಾಷ್ ಎಂಬ ಬೇರೆ ಶೆಲ್ಲಿಗೆ ಕೊಂಡಿಯಾಗಿರುತ್ತದೆ. ‘ಆಕ್’ ಎಂಬುದು ಗಾಕ್‌ಗೆ ಬದಲು ಮಾಕ್‌ಗೆ ಹೋಗುತ್ತಿರಬಹುದು. ಎರಡನ್ನೂ ಸಿಂಬಾಲಿಕ್ ಲಿಂಕ್ ಬದಲಿಸಿ ಸರಿಪಡಿಸಿರಿ. ಇಲ್ಲದಿದ್ದರೆ ಮುಂದೆಲ್ಲೋ ಗ್ಲಿಬ್‌ಸಿ ಎಂಬ ಮೂಲ ಸಿ ಲೈಬ್ರರಿ ಕಟ್ಟುವಾಗ ಅರ್ಥವಾಗದ ಸಿಂಟ್ಯಾಕ್ಸ್ ಎರರ್ ಬರುತ್ತದೆ, ಅದರ ಬೇರು ಇಲ್ಲಿದೆಯೆಂದು ಆಗ ಹೊಳೆಯುವುದಿಲ್ಲ.

ಹೊಸ ಸಿಸ್ಟಮ್ಮಿಗೆ ಬೇರೆ ಪಾರ್ಟಿಷನ್ ಮಾಡಿರಿ. 10 ಜಿಬಿಯಲ್ಲಿ ಬರಿಯ ಮೂಲ ಸಿಸ್ಟಂ ಹಿಡಿಸುತ್ತದೆ. ಮುಂದೆ ಗ್ರಾಫಿಕ್ಸ್, ಬ್ರೌಸರ್ ಎಲ್ಲ ಬೇಕೆನ್ನುವವರು 40 ಜಿಬಿ ಇಡುವುದು ಜಾಣತನ. ಎಕ್ಸ್ಟ್4 ಫೈಲ್ ಸಿಸ್ಟಂ ಹಾಕಿರಿ. ಯುಇಎಫ್‌ಐ ಯಂತ್ರದಲ್ಲಿ ಇಎಫ್‌ಐ ಪಾರ್ಟಿಷನ್ ಈಗಾಗಲೇ ಇರುತ್ತದೆ. ಅದನ್ನು ಫಾರ್ಮ್ಯಾಟ್ ಮಾಡಿದರೆ ಹೋಸ್ಟ್ ಕೂಡ ಬೂಟ್ ಆಗುವುದಿಲ್ಲ.

ಪ್ಯಾಕೇಜುಗಳು ಸುಮಾರು 80. ಮೊಬೈಲ್ ಡೇಟಾ ನಂಬಿದವರು ಒಂದೊಂದಾಗಿ ಇಳಿಸಿಕೊಳ್ಳುವ ಬದಲು, ಮಿರರ್ ಸರ್ವರುಗಳಲ್ಲಿ ಒಂದು ಆವೃತ್ತಿಗೆ ಸೇರಿದ ಎಲ್ಲವನ್ನೂ ಒಂದೇ ಟಾರ್ ಫೈಲಾಗಿ ಇಟ್ಟಿರುತ್ತಾರೆ, ಅದನ್ನು ತರಿಸಿಕೊಳ್ಳಿರಿ. ಫೈಲು ಕೆಟ್ಟಿಲ್ಲವೆಂದು ತಿಳಿಸುವ ಎಂಡಿ5 ಮೊತ್ತ ತಾಳೆ ನೋಡದೆ ಬಿಚ್ಚಬೇಡಿರಿ. ಪೆನ್‌ಡ್ರೈವಿನಲ್ಲಿ ತಂದರೆ ಟಾರ್ ಫೈಲುಗಳನ್ನು ಹಾಗೇ ಕಾಪಿ ಮಾಡಿ ಎಕ್ಸ್ಟ್4 ಪಾರ್ಟಿಷನ್ನಿನಲ್ಲೇ ಬಿಚ್ಚಿರಿ. ಫ್ಯಾಟ್ ಮಾದರಿಯ ಪೆನ್‌ಡ್ರೈವಿನ ಮೇಲೆ ಬಿಚ್ಚಿದರೆ ಪರ್ಮಿಷನ್ನು, ಸಿಂಬಾಲಿಕ್ ಲಿಂಕು ಎಲ್ಲ ಉದುರಿಹೋಗುತ್ತವೆ. ಎರಡು ಆವೃತ್ತಿಯ ಪಟ್ಟಿಗಳನ್ನು ಬೆರೆಸುವುದೂ ಬೇಡ. ಜಿಸಿಸಿ ಹೊಸದು, ಗ್ಲಿಬ್‌ಸಿ ಹಳೆಯದು ಎಂದಾದರೆ ಒಂದಕ್ಕೊಂದು ಹೊಂದದೆ ನಿಲ್ಲುವ ಸಾಧ್ಯತೆ ಹೆಚ್ಚು.

ಮೊದಲ ಮಗ್ಗ: ಕ್ರಾಸ್ ಟೂಲ್‌ಚೈನ್

ಟೂಲ್‌ಚೈನ್ ಎಂದರೆ ಕಂಪೈಲರ್ ಮತ್ತು ಅದರ ಜೊತೆಗಾರ ಉಪಕರಣಗಳು. ಪಾರ್ಟಿಷನ್ನನ್ನು ಮೌಂಟ್ ಮಾಡಿ, ಅದರ ದಾರಿಯನ್ನು ಎಲ್‌ಎಫ್‌ಎಸ್ ವೇರಿಯಬಲ್ಲಿನಲ್ಲಿ ಇಡುತ್ತೇವೆ. ಇಡೀ ಕೆಲಸದ ಅಪಾಯ ಈ ಒಂದು ಹೆಸರಿನಲ್ಲಿದೆ. ಹೊಸ ಟರ್ಮಿನಲ್ ತೆರೆದಾಗ, ‘ಸು’ ಮಾಡಿ ರೂಟ್ ಆದಾಗ, ರೀಬೂಟ್ ಆದಾಗ ಇದು ಖಾಲಿಯಾಗಿರಬಹುದು. ಖಾಲಿಯಿದ್ದರೆ ಅದರ ಮುಂದೆ ಬರೆದ ಡೈರೆಕ್ಟರಿ ನೇರ ಹೋಸ್ಟಿನ ಬೇರಿಗೇ ಸೇರುತ್ತದೆ. ರೂಟ್ ಆಗಿ ಆ ಹೊತ್ತಿನಲ್ಲಿ ಇನ್‌ಸ್ಟಾಲ್ ಕೊಟ್ಟರೆ ಹೋಸ್ಟಿನ ಲೈಬ್ರರಿಗಳ ಮೇಲೆ ಹೊಸವು ಬಂದು ಕೂರುತ್ತವೆ. ಅದಕ್ಕೇ ಮೊದಲ ಹಂತವನ್ನು ರೂಟ್ ಅಲ್ಲದ ‘ಎಲ್‌ಎಫ್‌ಎಸ್’ ಎಂಬ ಪ್ರತ್ಯೇಕ ಯೂಸರ್ ಆಗಿ ಮಾಡಿಸುತ್ತಾರೆ. ಆ ಯೂಸರಿಗೆ ಹೋಸ್ಟಿನ ಡೈರೆಕ್ಟರಿಗಳಲ್ಲಿ ಬರೆಯುವ ಹಕ್ಕಿಲ್ಲ. ತಪ್ಪು ಮಾಡಿದರೂ ‘ಪರ್ಮಿಷನ್ ಡಿನೈಡ್’ ಎಂದು ಗೋಡೆ ಅಡ್ಡ ಬರುತ್ತದೆ. ಆ ಸಂದೇಶ ಕಂಡಾಗ ಸುಡೋ ಹಾಕಿ ಮುಂದೆ ಹೋಗುವುದು ದೊಡ್ಡ ತಪ್ಪು. ನಿಂತು ಮೂರು ಪ್ರಶ್ನೆ ಕೇಳಿರಿ.

ಆ ಯೂಸರಿನ ಪರಿಸರ ಶುಚಿಯಾಗಿರಬೇಕು. ಹೋಸ್ಟಿನ ಬ್ಯಾಷ್ ಸೆಟ್ಟಿಂಗುಗಳು ಒಳಗೆ ನುಸುಳದಂತೆ ಹೊರಗಿನ ವೇರಿಯಬಲ್ಲುಗಳನ್ನೆಲ್ಲ ಬಿಟ್ಟು ಹೊಸ ಶೆಲ್ ತೆರೆಯುತ್ತೇವೆ, ಲೊಕೇಲನ್ನು (ಭಾಷೆಯ ಸೆಟ್ಟಿಂಗ್) ಪಾಸಿಕ್ಸ್‌ಗೆ ಇಡುತ್ತೇವೆ, ಬ್ಯಾಷಿನ ಹ್ಯಾಷಿಂಗ್ ನಿಲ್ಲಿಸುತ್ತೇವೆ. ಕೊನೆಯದನ್ನು ಹಲವರು ಸುಮ್ಮನೆ ಕಾಪಿ ಮಾಡಿ ಮುಂದೆ ಹೋಗುತ್ತಾರೆ, ಆದರೆ ಅದಕ್ಕೆ ಅರ್ಥವಿದೆ. ಒಮ್ಮೆ ಓಡಿಸಿದ ಕಮಾಂಡು ಎಲ್ಲಿ ಸಿಕ್ಕಿತೆಂದು ಬ್ಯಾಷ್ ನೆನಪಿಟ್ಟುಕೊಳ್ಳುತ್ತದೆ. ನೀವು ಈಗಷ್ಟೇ ಕಟ್ಟಿದ ಹೊಸ ಉಪಕರಣ ಬೇರೆ ಜಾಗದಲ್ಲಿದ್ದರೂ ಅದು ಹಳೆಯದನ್ನೇ ಕರೆಯುತ್ತದೆ. ಹ್ಯಾಷಿಂಗ್ ನಿಂತರೆ ಪ್ರತಿ ಸಲ ಹೊಸದಾಗಿ ಹುಡುಕುತ್ತದೆ.

ಈಗ ಕಟ್ಟುವ ಕ್ರಮ ನೋಡಿರಿ. ಮೊದಲು ಅಸೆಂಬ್ಲರ್, ಲಿಂಕರ್ ಇರುವ ಬಿನ್‌ಯುಟಿಲ್ಸ್, ನಂತರ ಜಿಸಿಸಿಯ ಮೊದಲ ಸುತ್ತು, ಲಿನಕ್ಸ್ ಕರ್ನಲ್ಲಿನ ಹೆಡರ್ ಫೈಲುಗಳು, ಗ್ಲಿಬ್‌ಸಿ, ಕೊನೆಗೆ ಜಿಸಿಸಿ ಸೋರ್ಸಿನಲ್ಲೇ ಇರುವ ಸಿ++ ಲೈಬ್ರರಿ. ಈ ಕ್ರಮ ಬದಲಿಸುವಂತಿಲ್ಲ. ಗ್ಲಿಬ್‌ಸಿಯನ್ನು ಕಾನ್ಫಿಗರ್ ಮಾಡುವಾಗ ಅದು ಅಸೆಂಬ್ಲರ್, ಲಿಂಕರ್‌ಗಳ ಗುಣ ಪರೀಕ್ಷಿಸಿ ಯಾವ ಸೌಲಭ್ಯ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸುತ್ತದೆ. ಬಿನ್‌ಯುಟಿಲ್ಸ್ ತಪ್ಪಿದ್ದರೆ ಆ ತೀರ್ಮಾನವೂ ತಪ್ಪು, ಎರರ್ ಮಾತ್ರ ಬಹಳ ಮುಂದೆ ಕಾಣುತ್ತದೆ. ಗದಗ-ಬೆಟಗೇರಿಯ ನೇಕಾರರು ಮಗ್ಗ ಸರಿಯಾಗಿ ಹೂಡದೆ ಹಾಸು ಹಾಕುವುದಿಲ್ಲ. ಮಗ್ಗ ಒಂದಿಷ್ಟು ವಾಲಿದ್ದರೂ ಸೀರೆಯ ಉದ್ದಕ್ಕೂ ಅದು ತೋರುತ್ತದೆ.

ಟಾರ್ಗೆಟ್ಟಿನ ಹೆಸರಿನಲ್ಲಿ ನಡುವೆ ‘ಎಲ್‌ಎಫ್‌ಎಸ್’ ಎಂದು ಸೇರಿಸುವುದೂ ಉದ್ದೇಶಪೂರ್ವಕ. ಯಂತ್ರ ಅದೇ ಇದ್ದರೂ ಹೆಸರು ಬೇರೆಯಾದ್ದರಿಂದ, ಇದು ಬೇರೆ ಯಂತ್ರಕ್ಕಾಗಿ ಕಟ್ಟುವ ಕ್ರಾಸ್ ಕಂಪೈಲರ್ ಎಂದು ಜಿಸಿಸಿ ನಂಬುತ್ತದೆ, ಹೋಸ್ಟಿನ ಲೈಬ್ರರಿಗಳತ್ತ ಕೈ ಚಾಚುವುದಿಲ್ಲ.

ಪ್ರತಿ ಪ್ಯಾಕೇಜಿಗೂ ಒಂದೇ ಚಕ್ರ: ಬಿಚ್ಚುವುದು, ಒಳಗೆ ಹೋಗುವುದು, ಕಟ್ಟುವುದು, ಇನ್‌ಸ್ಟಾಲ್ ಮಾಡುವುದು, ಹೊರಬಂದು ಡೈರೆಕ್ಟರಿ ಅಳಿಸುವುದು. ಬಿನ್‌ಯುಟಿಲ್ಸ್, ಜಿಸಿಸಿಗಳನ್ನು ಮೂರು ಸಲ ಕಟ್ಟುತ್ತೇವೆ. ‘ಮತ್ತೇಕೆ ಬಿಚ್ಚಬೇಕು, ಹಳೆಯದೇ ಇದೆಯಲ್ಲ’ ಎಂದು ಉಳಿಸಿಕೊಂಡ ಡೈರೆಕ್ಟರಿಯಲ್ಲಿ ಹಿಂದಿನ ಸುತ್ತಿನ ಸೆಟ್ಟಿಂಗ್ ಹಾಗೇ ಇರುತ್ತದೆ, ಎರಡನೇ ಸುತ್ತು ಕೆಡುತ್ತದೆ. ಜಿಸಿಸಿಯ ಒಳಗೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಮೂರನ್ನೂ ಬಿಚ್ಚಿ, ಆವೃತ್ತಿ ಸಂಖ್ಯೆ ತೆಗೆದು ಬರಿಯ ಹೆಸರಿಡಬೇಕು. ಸಂಖ್ಯೆ ಉಳಿದರೆ ಜಿಸಿಸಿಗೆ ಅವು ಕಾಣುವುದಿಲ್ಲ.

ಐದೂ ಮುಗಿಯುವ ಮೊದಲು, ಗ್ಲಿಬ್‌ಸಿ ಆದ ಕೂಡಲೇ, ಒಂದು ತಪಾಸಣೆ ಇದೆ. ಇದನ್ನು ಬಿಡಲೇಬೇಡಿರಿ. ಒಳಗೇನೂ ಇಲ್ಲದ ಒಂದು ಸಾಲಿನ ಸಿ ಪ್ರೋಗ್ರಾಂ ಬರೆದು ಹೊಸ ಕಂಪೈಲರಿನಿಂದ ಕಂಪೈಲ್ ಮಾಡಿ, ಹುಟ್ಟಿದ ಫೈಲನ್ನು, ಪ್ರೋಗ್ರಾಂ ಫೈಲಿನ ಒಳವಿವರ ತೋರಿಸುವ ರೀಡ್‌ಎಲ್ಫ್‌ಗೆ ಕೊಡಿರಿ. ‘ರಿಕ್ವೆಸ್ಟಿಂಗ್ ಪ್ರೋಗ್ರಾಂ ಇಂಟರ್ಪ್ರಿಟರ್’ ಎಂಬ ಸಾಲು ಬರುತ್ತದೆ. 64 ಬಿಟ್ ಯಂತ್ರದಲ್ಲಿ ಅದು ಲಿಬ್64 ಡೈರೆಕ್ಟರಿಯ ಎಲ್‌ಡಿ-ಲಿನಕ್ಸ್ ಫೈಲನ್ನು ತೋರಿಸಬೇಕು. ಆ ಸಾಲಿನ ಮುಂದೆ ನಿಮ್ಮ ಮೌಂಟ್ ಪಾಯಿಂಟಿನ ಹೆಸರು ಸೇರಿಕೊಂಡಿದ್ದರೆ, ಅಥವಾ ಸಾಲೇ ಬರದಿದ್ದರೆ ಹಿಂದಿನ ಯಾವುದೋ ಹೆಜ್ಜೆ ತಪ್ಪಿದೆ. ಇಲ್ಲಿ ಸರಿಮಾಡಿದರೆ ನಷ್ಟ ಒಂದೆರಡು ಗಂಟೆ, ಇದನ್ನು ದಾಟಿಹೋದರೆ ಎಲ್ಲವನ್ನೂ ಮತ್ತೆ ಕಟ್ಟಬೇಕು.

ಸಮಯ ಅಳೆಯಲು ಒಂದು ಮಾಪನವಿದೆ, ಎಸ್‌ಬಿಯು. ಒಂದೇ ಕೋರಿನಲ್ಲಿ ಮೊದಲ ಬಿನ್‌ಯುಟಿಲ್ಸ್ ಕಟ್ಟಲು ಹಿಡಿದ ಸಮಯ ಒಂದು ಎಸ್‌ಬಿಯು. ನಿಮ್ಮ ಯಂತ್ರದಲ್ಲಿ ಅದು ಮೂರು ನಿಮಿಷವಾದರೆ, ಪರೀಕ್ಷೆ ಸಮೇತ ಕೊನೆಯ ಜಿಸಿಸಿಗೆ 40 ಎಸ್‌ಬಿಯು ಮೇಲೆ, ಅಂದರೆ ಎರಡು ಗಂಟೆಗೂ ಹೆಚ್ಚು. ಆ ಕೆಲಸವನ್ನು ರಾತ್ರಿ ಉಂಡು ಮಲಗುವ ಮುನ್ನ ಹಚ್ಚಿರಿ. ತಂಪೂ ಇರುತ್ತದೆ.

ಎರರ್ ಓದುವುದು

‘ಮೇಕ್, ಎರರ್ 2’ ಎಂಬ ಕೊನೆಯ ಸಾಲಿನಿಂದ ಏನೂ ತಿಳಿಯುವುದಿಲ್ಲ. ಮೇಲಕ್ಕೆ ಹೋಗಿ ಮೊದಲ ‘ಎರರ್’ ಹುಡುಕಿರಿ. ನಾಲ್ಕು ಕೆಲಸ ಒಟ್ಟಿಗೆ ನಡೆಯುವಾಗ ಸಾಲುಗಳು ಕಲೆಸಿಹೋಗುತ್ತವೆ. ಮೇಕನ್ನು ಒಂದೇ ಕೆಲಸಕ್ಕೆ ಇಳಿಸಿ ಮತ್ತೆ ಓಡಿಸಿದರೆ ನಿಜವಾದ ಎರರ್ ಕೊನೆಯಲ್ಲೇ ನಿಲ್ಲುತ್ತದೆ.

‘ಕಿಲ್ಡ್’ ಎಂದು ಬಂದು ಸಿಸಿ1ಪ್ಲಸ್ ಎಂಬ ಹೆಸರಿದ್ದರೆ ರ‍್ಯಾಮ್ ಮುಗಿದಿದೆ, ಕರ್ನಲ್ಲೇ ಅದನ್ನು ಕೊಂದಿದೆ. ಕರ್ನಲ್ಲಿನ ಸಂದೇಶ ತೋರಿಸುವ ಡಿಮೆಸೇಜಿನಲ್ಲಿ ‘ಔಟ್ ಆಫ್ ಮೆಮೊರಿ’ ಕಾಣುತ್ತದೆ. ಒಂದು ಕೆಲಸಕ್ಕೆ 2 ಜಿಬಿ ಲೆಕ್ಕ ಹಿಡಿಯಿರಿ. 4 ಜಿಬಿ ಯಂತ್ರದಲ್ಲಿ ನಾಲ್ಕು ಕೋರಿದ್ದರೂ ಎರಡೇ ಕೆಲಸ ಕೊಡಿರಿ, 4 ಜಿಬಿ ಸ್ವಾಪ್ ಸೇರಿಸಿರಿ.

ಮೇಕಿನ ಔಟ್‌ಪುಟ್ಟನ್ನು ಟೀ ಎಂಬ ಕಮಾಂಡಿನ ಮೂಲಕ ಲಾಗ್ ಫೈಲಿಗೆ ಹರಿಸುವುದು ಒಳ್ಳೆಯ ರೂಢಿ. ಆದರೆ ಅದರ ಮುಂದೆ ‘ಆದರೆ ಮಾತ್ರ ಇನ್‌ಸ್ಟಾಲ್’ ಎಂದು ಎರಡು ಆ್ಯಂಪರ್ಸೆಂಡ್ ಹಾಕಿದಾಗ ಜಾಗ್ರತೆ. ಬ್ಯಾಷ್ ನೋಡುವುದು ಪೈಪಿನ ಕೊನೆಯಲ್ಲಿರುವ ಟೀ ಗೆದ್ದಿತೇ ಎಂದು. ಮೇಕ್ ಸೋತರೂ ಇನ್‌ಸ್ಟಾಲ್ ಓಡುತ್ತದೆ. ಶೆಲ್ಲಿನಲ್ಲಿ ‘ಪೈಪ್‌ಫೇಲ್’ ಆಯ್ಕೆ ಹಾಕಿಕೊಂಡರೆ ಈ ಕಾಟವಿಲ್ಲ.

ಕ್ರೂಟ್ ಒಳಗೆ

ಬ್ಯಾಷ್, ಕೋರ್‌ಯುಟಿಲ್ಸ್, ಗ್ರೆಪ್, ಸೆಡ್, ಟಾರ್ ಮುಂತಾದ ತಾತ್ಕಾಲಿಕ ಉಪಕರಣಗಳನ್ನು ಕಟ್ಟಿದ ಮೇಲೆ ಹೊಸ ಪಾರ್ಟಿಷನ್ನಿನೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳುವ ಹೊತ್ತು. ಕ್ರೂಟ್ ಎಂದರೆ ಇದೇ. ಅದಕ್ಕೆ ಮೊದಲು ಎಲ್ಲ ಫೈಲುಗಳ ಒಡೆತನ ರೂಟಿಗೆ ಬದಲಿಸಿ, ಹೋಸ್ಟಿನ ಡೆವ್, ಪ್ರೊಕ್, ಸಿಸ್, ರನ್‌ಗಳನ್ನು ಒಳಗೆ ಮೌಂಟ್ ಮಾಡಿರಿ. ರೀಬೂಟ್ ಆದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಕರೆಂಟ್ ಹೋಗಿ ಬಂದ ಮೇಲೆ ಹೆಚ್ಚಿನವರು ಮರೆಯುವುದು ಇದನ್ನೇ. ‘ಔಟ್ ಆಫ್ ಪಿಟಿವೈ ಡಿವೈಸಸ್’ ಎಂದು ಎಕ್ಸ್‌ಪೆಕ್ಟ್ ಪ್ಯಾಕೇಜಿನ ಹೊತ್ತಿಗೆ ಕಂಡರೆ ಡೆವ್‌ಪಿಟಿಎಸ್ ಮೌಂಟ್ ಆಗಿಲ್ಲ ಎಂದರ್ಥ.

ಕೊನೆಯ ಸುತ್ತು ಶುರು ಮಾಡುವ ಮುಂಚೆ ಬ್ಯಾಕಪ್ ತೆಗೆಯಿರಿ. ಕ್ರೂಟಿನಿಂದ ಹೊರಬಂದು, ಆ ಮೌಂಟುಗಳನ್ನೆಲ್ಲ ಕಳಚಿ, ಫೈಂಡ್‌ಮೌಂಟಿನಲ್ಲಿ ಕಳಚಿದ್ದು ಖಾತ್ರಿ ಮಾಡಿಕೊಂಡು, ಟಾರ್ ಮಾಡಿ ಬೇರೆ ಡಿಸ್ಕಿನಲ್ಲಿಡಿರಿ. ಮತ್ತೆ ಆ ಬ್ಯಾಕಪ್ ಹಾಕುವಾಗ ಹಳೆಯದನ್ನು ಪೂರಾ ಅಳಿಸಬೇಕಾಗುತ್ತದೆ. ವೇರಿಯಬಲ್ ಖಾಲಿ ಇದ್ದು ಅಳಿಸುವ ಕಮಾಂಡ್ ಕೊಟ್ಟರೆ ಹೋಸ್ಟ್ ಸಿಸ್ಟಮ್ಮೇ ಅಳಿಯುತ್ತದೆ, ನಿಮ್ಮ ಫೋಟೊ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲದರ ಸಮೇತ. ಆ ಒಂದು ಕಮಾಂಡಿನ ಮೊದಲು ಎಕೋ ಮಾಡಿ ಕಣ್ಣಾರೆ ನೋಡಿರಿ.

ಕ್ರೂಟಿನೊಳಗೆ ಗ್ಲಿಬ್‌ಸಿಯಿಂದ ಶುರುವಾಗಿ ಎಲ್ಲವನ್ನೂ ಕೊನೆಯ ಸಲ ಕಟ್ಟುತ್ತೇವೆ. ಗ್ಲಿಬ್‌ಸಿ, ಬಿನ್‌ಯುಟಿಲ್ಸ್, ಜಿಎಂಪಿ, ಎಂಪಿಎಫ್‌ಆರ್, ಜಿಸಿಸಿ ಈ ಐದರ ಪರೀಕ್ಷೆಗಳನ್ನು ಓಡಿಸಲೇಬೇಕು. ಒಂದೆರಡು ಪರೀಕ್ಷೆ ಸೋಲುವುದು ಸಹಜ, ಕೈಪಿಡಿಯಲ್ಲಿ ಹೇಳಿದವುಗಳ ಜೊತೆ ತಾಳೆ ನೋಡಿರಿ. ನೂರಾರು ಸೋತರೆ ನಿಲ್ಲಿಸಿರಿ. ಉಳಿದ ಪ್ಯಾಕೇಜುಗಳ ಪರೀಕ್ಷೆ ಸಮಯವಿದ್ದರೆ ಮಾಡಿರಿ. ಪಾಸ್‌ವರ್ಡ್ ನೋಡಿಕೊಳ್ಳುವ ಶ್ಯಾಡೋ ಪ್ಯಾಕೇಜು ಆದ ಮೇಲೆ ರೂಟ್ ಪಾಸ್‌ವರ್ಡ್ ಇಡಲು ಮರೆಯಬೇಡಿರಿ. ಟೈಮ್ ಝೋನ್ ಏಷ್ಯಾ/ಕೋಲ್ಕತಾ.

ಕರ್ನಲ್ ಮತ್ತು ಮೊದಲ ಬೂಟ್

ಕರ್ನಲ್ ಸೋರ್ಸಿನಲ್ಲಿ ಮೇಕ್‌ಗೆ ಮೂರು ಆಜ್ಞೆ: ಶುಚಿ ಮಾಡಲು ಎಂಆರ್‌ಪ್ರಾಪರ್, ಮೂಲ ಸೆಟ್ಟಿಂಗಿಗೆ ಡೆಫ್‌ಕಾನ್ಫಿಗ್, ಆಮೇಲೆ ಮೆನುವಿನಲ್ಲಿ ಆರಿಸಲು ಮೆನುಕಾನ್ಫಿಗ್. ಹೋಸ್ಟಿನಲ್ಲಿ ಎಲ್‌ಎಸ್‌ಪಿಸಿಐಗೆ ‘ಕೆ’ ಆಯ್ಕೆ ಕೊಟ್ಟರೆ ಯಾವ ಹಾರ್ಡ್‌ವೇರಿಗೆ ಯಾವ ಡ್ರೈವರ್ ಓಡುತ್ತಿದೆ ಎಂದು ಕಾಣುತ್ತದೆ. ಆ ಪಟ್ಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮೆನುವಿನಲ್ಲಿ ಹುಡುಕಿರಿ.

ಬೂಟ್ ಆಗುವಾಗ ಡ್ರೈವರುಗಳನ್ನು ಹೊತ್ತು ತರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ತಾತ್ಕಾಲಿಕ ಫೈಲ್ ಸಿಸ್ಟಂ ನಾವು ಮಾಡುತ್ತಿಲ್ಲ. ಹೀಗಾಗಿ ಡಿಸ್ಕಿನ ಡ್ರೈವರ್, ಅಂದರೆ ಸಾಟಾ ಆದರೆ ಎಎಚ್‌ಸಿಐ, ಹೊಸ ಯಂತ್ರವಾದರೆ ಎನ್‌ವಿಎಂಇ, ಜೊತೆಗೆ ಎಕ್ಸ್ಟ್4, ಇವು ಕರ್ನಲ್ಲಿನ ಒಳಗೇ ಇರಬೇಕು. ಮೆನುವಿನಲ್ಲಿ ‘ಎಂ’ ಇರಬಾರದು, ನಕ್ಷತ್ರ ಇರಬೇಕು. ಮಾಡ್ಯೂಲ್ ಮಾಡಿದರೆ ಡಿಸ್ಕ್ ಓದುವ ಡ್ರೈವರ್ ಅದೇ ಡಿಸ್ಕಿನೊಳಗೆ ಕುಳಿತಿರುತ್ತದೆ. ಪೆಟ್ಟಿಗೆಯ ಕೀಲಿ ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ ಹಾಗೆ. ಡೆವ್‌ಟಿಎಂಪಿಎಫ್‌ಎಸ್ ಮತ್ತು ಅದರ ತಾನೇ ಮೌಂಟ್ ಆಗುವ ಆಯ್ಕೆ ಎರಡೂ ಇರಲಿ.

ಬೂಟ್‌ಲೋಡರಿಗೆ ಹೋಸ್ಟಿನ ಗ್ರಬ್ಬನ್ನೇ ಬಳಸುವುದು ಸುರಕ್ಷಿತ. ಹೋಸ್ಟಿನ 40_ಕಸ್ಟಮ್ ಫೈಲಿನಲ್ಲಿ ಹೊಸ ನಮೂದು ಸೇರಿಸಿ ಗ್ರಬ್ ಅಪ್‌ಡೇಟ್ ಮಾಡಿರಿ. ರೂಟ್ ಪಾರ್ಟಿಷನ್ ಹೇಳುವಾಗ ಫೈಲ್ ಸಿಸ್ಟಮ್ಮಿನ ಯುಯುಐಡಿ (ಗುರುತಿನ ಸಂಖ್ಯೆ) ಹಾಕಿದರೆ ಕೆಲಸವಾಗದು, ಅದನ್ನು ಅರ್ಥ ಮಾಡಿಕೊಳ್ಳಲು ಇನಿಟ್‌ರಾಮ್‌ಎಫ್‌ಎಸ್ ಬೇಕು. ಪಾರ್ಟಿಷನ್ನಿನದೇ ಗುರುತಾದ ಪಾರ್ಟ್‌ಯುಯುಐಡಿ ಕೊಡಿರಿ, ಅದು ಕರ್ನಲ್ಲಿಗೆ ನೇರ ಅರ್ಥವಾಗುತ್ತದೆ. ಎಫ್‌ಎಸ್‌ಟ್ಯಾಬಿನಲ್ಲಿ ಯುಯುಐಡಿ ನಡೆಯುತ್ತದೆ. ಸೆಕ್ಯೂರ್ ಬೂಟ್ ಆಫ್ ಇರಲಿ.

‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂದು ಬಂದು ಮುಂದೆ ಅನ್‌ನೋನ್-ಬ್ಲಾಕ್ ಆವರಣದಲ್ಲಿ 0,0 ಇದ್ದರೆ ಕರ್ನಲ್ಲಿಗೆ ಡಿಸ್ಕೇ ಕಂಡಿಲ್ಲ: ಡ್ರೈವರ್ ಇಲ್ಲ ಅಥವಾ ಪಾರ್ಟಿಷನ್ ಗುರುತು ತಪ್ಪು. 8,2ರಂಥ ಬೇರೆ ಸಂಖ್ಯೆ ಇದ್ದರೆ ಡಿಸ್ಕ್ ಸಿಕ್ಕಿದೆ, ಫೈಲ್ ಸಿಸ್ಟಂ ಓದಲು ಬಂದಿಲ್ಲ. ಹೋಸ್ಟಿಗೆ ಬೂಟ್ ಆಗಿ, ಮೌಂಟ್ ಮಾಡಿ, ಕ್ರೂಟ್ ಹೊಕ್ಕು ಕರ್ನಲ್ ಮಾತ್ರ ಮತ್ತೆ ಕಟ್ಟಿದರೆ ಸಾಕು. ಡಿಎಚ್‌ಸಿಪಿಸಿಡಿ, ವೈಫೈ ಇದ್ದರೆ ಡಬ್ಲ್ಯುಪಿಎ ಸಪ್ಲಿಕಂಟ್ ಮತ್ತು ಅದರ ಫರ್ಮ್‌ವೇರ್, ಡಬ್ಲ್ಯುಗೆಟ್ ಇವನ್ನು ಮೊದಲ ಬೂಟಿಗೂ ಮುಂಚೆ ಕ್ರೂಟಿನಲ್ಲೇ ಕಟ್ಟಿಕೊಂಡರೆ ಹೊಸ ಸಿಸ್ಟಂ ನೆಟ್ ಇಲ್ಲದೆ ಒಂಟಿಯಾಗುವುದಿಲ್ಲ.

ಕನ್ನಡ ಮೂಡಿಸುವುದು

ನಮ್ಮ ಭಾಷೆ ಮೂಡದ ಯಂತ್ರವನ್ನು ಪೂರ್ತಿ ನಮ್ಮದೆನ್ನಲಾಗದು. ಗ್ಲಿಬ್‌ಸಿ ಆದಾಗಲೇ ಲೊಕೇಲ್‌ಡೆಫ್‌ನಿಂದ ಕೆಎನ್-ಐಎನ್ ಲೊಕೇಲನ್ನು ಯುಟಿಎಫ್-8ರಲ್ಲಿ ಮಾಡಿಕೊಳ್ಳಿರಿ. ಆದರೆ ಕಪ್ಪು ಪರದೆಯ ಕನ್ಸೋಲಿನಲ್ಲಿ ಕನ್ನಡ ಬರುವುದಿಲ್ಲ. ಅದರ ಫಾಂಟಿಗೆ 512 ಚಿತ್ರಗಳ ಮಿತಿಯಿದೆ, ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ. ಲಾಗಿನ್ ಕನ್ಸೋಲಿಗೆ ಇಂಗ್ಲಿಷ್ ಲೊಕೇಲ್ ಇರಲಿ, ಕನ್ನಡ ಗ್ರಾಫಿಕ್ಸ್ ಒಳಗೆ ಶುರುವಾಗಲಿ.

ಗ್ರಾಫಿಕ್ಸಿನಲ್ಲಿ ಕ್ರಮ ಹೀಗೆ: ಫ್ರೀಟೈಪ್ (ಫಾಂಟ್ ಓದುವುದು), ಹಾರ್ಫ್‌ಬಝ್ (ಒತ್ತಕ್ಷರ ಜೋಡಿಸುವುದು), ಮತ್ತೆ ಫ್ರೀಟೈಪ್, ಫಾಂಟ್‌ಕಾನ್ಫಿಗ್, ಕೈರೋ, ಪ್ಯಾಂಗೋ. ಫ್ರೀಟೈಪ್‌ಗೆ ಹಾರ್ಫ್‌ಬಝ್ ಬೇಕು, ಹಾರ್ಫ್‌ಬಝ್‌ಗೆ ಫ್ರೀಟೈಪ್ ಬೇಕು. ಅದಕ್ಕೇ ಮೊದಲು ಹಾರ್ಫ್‌ಬಝ್ ಇಲ್ಲದ ಫ್ರೀಟೈಪ್ ಕಟ್ಟಿ, ಹಾರ್ಫ್‌ಬಝ್ ಆದ ಮೇಲೆ ಅದನ್ನೇ ಮತ್ತೊಮ್ಮೆ ಕಟ್ಟುವುದು. ನೋಟೊ ಸ್ಯಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟನ್ನು ಫಾಂಟ್ಸ್ ಡೈರೆಕ್ಟರಿಯಲ್ಲಿಟ್ಟು ಎಫ್‌ಸಿ-ಕ್ಯಾಶ್ ಓಡಿಸಿರಿ. ಟೈಪಿಂಗಿಗೆ ಎಕ್ಸ್‌ಕೀಬೋರ್ಡ್ ಕಾನ್ಫಿಗ್ಗಿನಲ್ಲೇ ಭಾರತೀಯ ಲೇಔಟಿನ ಒಳಗೆ ಕನ್ನಡವೂ, ಕಗಪ ಮಾದರಿಯೂ ಇವೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರು ಐಬಸ್, ಎಂ17ಎನ್ ಕಟ್ಟಿಕೊಂಡು ಅದರ ಕೆಜಿಪಿ ವಿನ್ಯಾಸ ಬಳಸಿರಿ.

ಈಗ ಒಂದು ಟೆಕ್ಸ್ಟ್ ಎಡಿಟರ್ ತೆರೆದು ಎರಡು ಶಬ್ದ ಬರೆಯಿರಿ: ‘ಹುಬ್ಬಳ್ಳಿ’, ‘ಕರ್ನಾಟಕ’. ಚೌಕಗಳು ಕಂಡರೆ ಫಾಂಟ್ ಸಿಕ್ಕಿಲ್ಲ, ಎಫ್‌ಸಿ-ಲಿಸ್ಟಿನಲ್ಲಿ ಅದರ ಹೆಸರು ಹುಡುಕಿರಿ. ಅಕ್ಷರ ಬಂದೂ ಬಕಾರದ ಕೆಳಗೆ ಒತ್ತು ಕೂರದೆ ಅರ್ಧಾಕ್ಷರ ಪಕ್ಕದಲ್ಲೇ ನಿಂತರೆ, ಅಥವಾ ಅರ್ಕಾವತ್ತು ‘ನಾ’ದ ನಂತರ ಬರದೆ ಮೊದಲೇ ‘ರ್’ ಆಗಿ ಉಳಿದರೆ, ಫಾಂಟ್ ಇದೆ ಆದರೆ ಆ ಪ್ರೋಗ್ರಾಂ ಹಾರ್ಫ್‌ಬಝ್ ಮೂಲಕ ಹೋಗುತ್ತಿಲ್ಲ. ಹಾರ್ಫ್‌ಬಝ್ ಇಲ್ಲದೆ ಪ್ಯಾಂಗೋ ಕಟ್ಟಲೇ ಆಗದು, ಆದ್ದರಿಂದ ಪ್ಯಾಂಗೋ ಬಳಸುವ ಬೇರೆ ಎಡಿಟರಿನಲ್ಲಿ ಬರೆದು ನೋಡಿರಿ.